ಮೊಬ್ಬಿಗೆ ಹೊರಟ ಗಾಡಿ

ಮಂಗಳವಾರ ಮಧ್ಯಾಹ್ನ ಕ್ಲೋಸ್‌ಪೇಟೆಯಲ್ಲಿ ರೈಲು ಇಳಿದೆ. ಎರಡು ವರ್ಷ ಅರ್ಜಿ ಗುಜರಾಯಿಸಿ, ಕೊನೆಗೂ ಕಾನಕಾನಹಳ್ಳಿಯ ಸ್ಕೂಲಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತ್ತು. ಗುರುವಾರ ಮಧ್ಯಾಹ್ನದೊಳಗೆ ಹಾಜರಾಗದಿದ್ದರೆ ಕೆಲಸ ಇನ್ನೊಬ್ಬರ ಪಾಲು ಎಂದು ಹುಕುಮಿನಲ್ಲೇ ಬರೆದಿತ್ತು. ಹದಿನೇಳು ಮೈಲಿ ದಾರಿ, ಎತ್ತಿನ ಗಾಡಿಯೇ ಗತಿ.

ಸಂತೆಮಾಳದಲ್ಲಿ ಉಪ್ಪಿನ ಮೂಟೆ ಹೇರುತ್ತಿದ್ದ ಬೋರಣ್ಣನೆಂಬ ಗಾಡಿಯವನು ಒಪ್ಪಿದ. "ನಾಳೆ ಮೊಬ್ಗೆ ಬಂದ್ಬುಡಿ ಮೇಷ್ಟ್ರೇ, ಕರ್ಕೊಂಡೋಯ್ತೀನಿ" ಎಂದ.

ಬೆಂಗಳೂರಿನ ನಮ್ಮ ಮನೆಯಲ್ಲಿ ಮಬ್ಬಾಯಿತೆಂದರೆ ಅಮ್ಮ ದೀಪ ಹಚ್ಚುವ ಹೊತ್ತು. ಹಾಗಾಗಿ ಬುಧವಾರ ಛತ್ರದಲ್ಲಿ ಬಿಸಿಲೇರುವವರೆಗೆ ಮಲಗಿದೆ. ರೈಲಿನಲ್ಲಿ ಚನ್ನಪಟ್ಟಣಕ್ಕೆ ಹೋಗಿ ಅರಗಿನ ಬಣ್ಣದ ಗೊಂಬೆಗಳನ್ನೂ ನೋಡಿ ಬಂದೆ. ಸಂಜೆ ಠೀವಿಯಿಂದ ಗಂಟು ಹಿಡಿದು ಹೋದರೆ ಸಂತೆಮಾಳದಲ್ಲಿ ಒಂದು ಮೂಟೆಯೂ ಇಲ್ಲ. ಬೋರಣ್ಣ ಖಾಲಿ ಗಾಡಿಗೆ ಒರಗಿ ಕೂತಿದ್ದ.

"ಎಲ್ಲೋಗ್ಬುಟ್ರಿ ಸ್ವಾಮಿ? ಮೊಬ್ಗೆ ಅಂದಿದ್ನಲ್ಲಾ!"

"ಮಬ್ಬಿಗೇ ಬಂದಿದ್ದೇನಲ್ಲಪ್ಪ" ಎಂದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಸೀಮೆಯಲ್ಲಿ ಮೊಬ್ಬೆಂದರೆ ಕೋಳಿ ಕೂಗಿದ ಮೇಲೆ, ಬೆಳಕು ಹರಿಯುವ ಮುಂಚಿನ ಹೊತ್ತಂತೆ. ಬೆಳಗ್ಗೆ ನನ್ನನ್ನು ಕಾದು ಕಾದು, ಉಪ್ಪನ್ನು ಭಾವಮೈದುನನ ಗಾಡಿಯಲ್ಲಿ ಕಳಿಸಿ, ಕೊಟ್ಟ ಮಾತಿಗಾಗಿ ತಾನು ದಿನವಿಡೀ ಉಳಿದಿದ್ದ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ಇವತ್ತಿನ ಮೊಬ್ಬು ಹೋಯ್ತು, ನಾಳೇದು ಐತೆ. ನಮ್ಮನೆ ಜಗ್ಲಿ ಮೇಲೇ ಮನೀಕಳಿ, ನಾನೇ ಎಬ್ಬಿಸ್ತೀನಿ" ಎಂದ.

ಗುರುವಾರ ಅವನ ಕೈ ನನ್ನ ಹೆಗಲ ಮೇಲೆ ಬಿತ್ತು. "ಏಳಿ ಮೇಷ್ಟ್ರೇ, ಇದೇ ನೋಡಿ ಮೊಬ್ಬು." ಮೂಡಲಲ್ಲಿ ಬೂದಿ ಬಣ್ಣವಿತ್ತು. ಎತ್ತುಗಳ ಕೊಂಬು ಕಾಣುತ್ತಿತ್ತು, ಮೈ ಇನ್ನೂ ಕಾಣುತ್ತಿರಲಿಲ್ಲ. ಊರು ದಾಟುತ್ತಲೇ, "ನೀವು ಓದ್ದೋರು ಇದ್ಕೆ ಏನಂತೀರಿ?" ಎಂದು ಕೇಳಿದ.

"ಅರುಣೋದಯ" ಎಂದೆ.

"ಅಷ್ಟುದ್ದ ಹೇಳೋ ಹೊತ್ಗೆ ಬಿಸ್ಲು ಬಂದ್ಬುಡ್ತದೆ ಬುಡಿ!"

ದಾರಿಯಲ್ಲಿ ಅವನ ಹೆಂಡತಿ ಕಟ್ಟಿಕೊಟ್ಟ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಅಷ್ಟು ರುಚಿಯ ಊಟ ನಾನು ಯಾವ ಹೋಟೆಲಿನಲ್ಲೂ ಉಂಡಿಲ್ಲ. ಹನ್ನೊಂದು ಗಂಟೆಗೆ ಸ್ಕೂಲು ಸಿಕ್ಕಿತು. ಹೆಡ್‌ಮೇಷ್ಟರು ಗಡಿಯಾರ ನೋಡಿ, ಹುಕುಮು ಓದಿ, ಹಾಜರಿ ಪುಸ್ತಕ ಮುಂದಿಟ್ಟರು. ರುಜು ಹಾಕಿದೆ.

ಹೊರಗೆ ಬಂದರೆ ಬೋರಣ್ಣ ಗಾಡಿ ಕಟ್ಟಿಕೊಂಡೇ ಬಾಗಿಲೆದುರು ನಿಂತಿದ್ದ. ಬಾಡಿಗೆ ಆಗಲೇ ಕೊಟ್ಟಾಗಿತ್ತು. ಇನ್ನೂ ಯಾಕೆ ನಿಂತೆಯೆಂದು ಕೇಳಿದೆ.

"ಕೆಲ್ಸ ಇಲ್ಲ ಅಂದ್ಬುಟ್ರೆ ನೀವು ವಾಪಸ್ ಹೋಗ್ಬೇಕಲ್ಲಾ, ಅದ್ಕೇ ಎತ್ತು ಬಿಚ್ಲಿಲ್ಲ."

ನನ್ನ ಕಣ್ಣು ತುಂಬಿತು. "ಸಿಕ್ಕಿತು ಬೋರಣ್ಣ" ಎಂದೆ.

ಆಗ ಅವನು ನೊಗ ಇಳಿಸಿ, ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋದ.