ಹಗುರ ದೋಣಿಗೆ ಒಂದು ಭಾರ

ಎದುರು ಮನೆಯವರು ಮುಂಬಾಗಿಲಿಗೆ ವಾರ್ನಿಷ್ ಹೊಡೆಸುತ್ತಿದ್ದಾರೆ. ನಿನ್ನೆಯಿಂದ ಆ ವಾಸನೆ ಬಂಗಾರಪೇಟೆಯ ನಮ್ಮ ಸಣ್ಣ ಬೀದಿಯನ್ನೆಲ್ಲ ತುಂಬಿಕೊಂಡು, ಕರೆಯದಿದ್ದರೂ ನನ್ನ ಅಡಿಗೆಮನೆಗೆ ಬಂದು ಕೂತಿದೆ. ಒಗ್ಗರಣೆ ಹಾಕಿದರೂ ಅದೇ ವಾಸನೆ, ಕಾಫಿ ಕುಡಿದರೂ ಅದೇ. ವಾರ್ನಿಷ್ ಅಂದರೆ ನಿಮಗೆ ಬಾಗಿಲೋ ಮಂಚವೋ ನೆನಪಾಗಬಹುದು. ನನಗೆ ದೋಣಿ ನೆನಪಾಗುತ್ತದೆ. ನಗಬೇಡಿ. ಕೊಡ ಹಿಡಿದು ನಲ್ಲಿಯ ಮುಂದೆ ಸಾಲು ನಿಲ್ಲುವ ಈ ಸೀಮೆಯ ಹೆಂಗಸಿಗೆ ದೋಣಿಯ ನೆನಪು ಎಲ್ಲಿಂದ ಬರಬೇಕು ಎಂದು ನೀವು ಕೇಳಿದರೆ ಅದು ನ್ಯಾಯವೇ. ಅದೂ ಎಂಥ ದೋಣಿ! ಬಟ್ಟೆಯ ಹಾಯಿ ಕಟ್ಟಿ ಗಾಳಿಗೆ ಓಡಿಸುವಂಥದ್ದು, ಬಿಳಿ ದೊರೆಗಳು ಯಾಟ್ ಎನ್ನುತ್ತಿದ್ದ ಜಾತಿಯದು. ಒಂದು ಕಾಲದಲ್ಲಿ ನಾವು ಅಂಥದ್ದೊಂದನ್ನು, ಯಾರೋ ಬಳಸಿ ಬಿಟ್ಟ ಹಳೆಯದನ್ನು, ಕೊಳ್ಳಲು ಹೊರಟಿದ್ದೆವು.

ನಾನು ಮದುವೆಯಾಗಿ ಹಳ್ಳಿಯಿಂದ ಚಿನ್ನದ ಗಣಿಯ ಊರಿಗಾಂಗೆ, ಕೆಲಸದವರಿಗೆ ಸಾಲಾಗಿ ಕಟ್ಟಿದ್ದ ಲೈನ್ ಮನೆಗೆ ಬಂದ ಹೊಸತು. ಗಣಿಗಳು ಸರ್ಕಾರದ ಕೈಗೆ ಬಂದಿದ್ದವು, ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದರು. ನಮ್ಮವರಿಗೆ ಗಣಿಯಲ್ಲಿ ಅಳತೆಯ ಕೆಲಸ, ದಿನಾ ಕೆಳಗೆ ಇಳಿಯಬೇಕು. ಆಗೆಲ್ಲ ನೆಲದ ಆಳದಲ್ಲಿ ಬಂಡೆ ಸಿಡಿಯುವುದಿತ್ತು. ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆಗಳು ನಡುಗುತ್ತಿದ್ದವು, ಗೂಡಿನಲ್ಲಿದ್ದ ಲೋಟಗಳು ಗಲಗಲ ಅನ್ನುತ್ತಿದ್ದವು. ಲೈನಿನ ಹೆಂಗಸರು ಒಲೆಯ ಮೇಲಿನ ಪಾತ್ರೆಗೆ ಒಂದು ಕೈ ಕೊಟ್ಟು, ಬಿಟ್ಟ ಮಾತನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದರು. ನಾನೂ ಕಲಿತೆ. ಆದರೆ ಅಂಥದ್ದೊಂದು ಆದಾಗ ನಮ್ಮವರು ಕೆಳಗಿದ್ದರು. ಇವರು ಹತ್ತಿ ಬಂದರು. ಇವರ ಜೊತೆ ಅಳತೆಯ ಪಟ್ಟಿ ಹಿಡಿಯುತ್ತಿದ್ದವರು ಬರಲಿಲ್ಲ.

ಆಮೇಲೆ ಇವರನ್ನು ಮೇಲಿನ ಆಫೀಸಿಗೆ ಹಾಕಿದರು. ನಕ್ಷೆ ಬರೆಯುವ ಕೆಲಸ, ಅಪಾಯವಿಲ್ಲದ್ದು. ಆದರೆ ನಿದ್ದೆ ಹೋಯಿತು. ತಲೆದಿಂಬಿನ ಪಕ್ಕ ಗಾಜಿನ ಲೋಟದಲ್ಲಿ ನೀರು ಇಟ್ಟುಕೊಂಡು ಅದನ್ನೇ ನೋಡುತ್ತಾ ಮಲಗುತ್ತಿದ್ದರು. ನಡುಗಿದ್ದು ನೆಲವೋ ತಮ್ಮ ಮೈಯೋ ತಿಳಿಯಬೇಕಲ್ಲ, ಅದಕ್ಕೆ. ನಾನು ಬೈದರೆ, "ನಾನೂ ಮಲಗಿಬಿಟ್ರೆ ನಿನ್ನ ಎಬ್ಬಿಸೋರ್ಯಾರೇ?" ಎನ್ನುತ್ತಿದ್ದರು. ತಮಾಷೆ ಅಂದುಕೊಂಡೆ. ನೆತ್ತಿಗೆ ಹರಳೆಣ್ಣೆ ತಟ್ಟಿದೆ, ದೃಷ್ಟಿ ತೆಗೆದೆ, ಕಿರುಗುಡದಿರಲಿ ಎಂದು ಮಂಚದ ಕಾಲುಗಳಿಗೆ ಗೋಣಿತಾಟು ಸುತ್ತಿದೆ. ಗಸಗಸೆ ಪಾಯಸ ಮಾಡಿದೆ. ಅವರು ಕುಡಿದು ಎಚ್ಚರವಾಗೇ ಇದ್ದರು, ನಾನು ಕುಡಿದು ಬೆಳಗಿನವರೆಗೆ ಗೊರಕೆ ಹೊಡೆದೆ. ದಿನದಿನಕ್ಕೆ ಅವರ ಕಣ್ಣು ಗುಳಿ ಬೀಳುತ್ತಿತ್ತು. ಹೀಗೇ ಆದರೆ ಈ ಮನುಷ್ಯ ನನಗೆ ಉಳಿಯುವುದಿಲ್ಲ ಎಂದು ನನಗೆ ಭಯವಾಗುತ್ತಿತ್ತು.

ಆಗ ಬಂತು ದೋಣಿಯ ಮಾತು. ಅವರ ಆಫೀಸಿನ ದೊರೆ ಬೇತಮಂಗಲದ ಕೆರೆಯಲ್ಲಿ ಎರಡು ಹಾಯಿದೋಣಿ ಇಟ್ಟುಕೊಂಡಿದ್ದ. ಊರು ಬಿಡುವ ಮುಂಚೆ ಒಂದು ಭಾನುವಾರ ಇವರನ್ನೂ ಜೊತೆಗೆ ಕರೆದೊಯ್ದ. ಸಂಜೆ ಮನೆಗೆ ಬಂದವರ ಮುಖ ಬೇರೆಯೇ ಆಗಿತ್ತು.

"ನೀರಿನ ಮೇಲೆ ನೆಲ ಇರಲ್ಲ ಕಣೇ. ನಡುಗೋಕೆ ಅಲ್ಲಿ ಏನೂ ಇಲ್ಲ" ಎಂದರು.

ಎರಡರಲ್ಲಿ ಒಂದನ್ನು ಕೊಡುತ್ತೇನೆ, ಯಾವುದು ಬೇಕೋ ಆರಿಸಿಕೋ ಎಂದಿದ್ದನಂತೆ ದೊರೆ. ಕೊಳ್ಳುವವರು ಯಾರೂ ಇರಲಿಲ್ಲವಾಗಿ ಬೆಲೆಯ ತಾಪತ್ರಯವೂ ಇರಲಿಲ್ಲ. ತಾಪತ್ರಯ ಇದ್ದದ್ದು ಆರಿಸುವುದರಲ್ಲಿ. ಹಾಯಿದೋಣಿಯ ಹೊಟ್ಟೆಯ ಕೆಳಗೆ ನೀರಿಗೆ ಇಳಿದಂತೆ ಒಂದು ಹಲಗೆ ಇರುತ್ತದೆ, ಅದಕ್ಕೆ ಕೀಲ್ ಎನ್ನುತ್ತಾರೆ. ಅದಿಲ್ಲದಿದ್ದರೆ ಗಾಳಿ ದೋಣಿಯನ್ನು ಅಡ್ಡಡ್ಡ ತಳ್ಳಿಕೊಂಡು ಹೋಗುತ್ತದೆ. ದೊರೆಯ ಒಂದು ದೋಣಿಗೆ ಆ ಹಲಗೆ ಆಳಕ್ಕೆ ಇಳಿದು, ತುದಿಯಲ್ಲಿ ಸೀಸದ ಭಾರ ಹೊತ್ತು, ಅಲುಗಾಡದಂತೆ ಕಚ್ಚಿಕೊಂಡಿತ್ತು. ಇನ್ನೊಂದು ಹಗುರವಾದ ದೋಣಿ. ಅದರದ್ದು ಬೇಕಾದಾಗ ಇಳಿಸಿ, ಬೇಡವಾದಾಗ ಎತ್ತಿಕೊಳ್ಳುವ ತೆಳು ಹಲಗೆ.

ಇದನ್ನೆಲ್ಲ ನನಗೆ ತಿಳಿಸಲು ಇವರು ಬಚ್ಚಲಿನ ಹಂಡೆಯನ್ನೇ ಕೆರೆ ಮಾಡಿಕೊಂಡರು. ತೆಂಗಿನ ಚಿಪ್ಪಿನ ತಳಕ್ಕೆ ಕಲ್ಲು ಕಟ್ಟಿ ಒಂದನ್ನು ತೇಲಿಬಿಟ್ಟರು, ಇನ್ನೊಂದಕ್ಕೆ ನನ್ನ ದೋಸೆ ಮಗುಚುವ ಕೈ ಸಿಕ್ಕಿಸಿದರು. ದೊರೆ ಕೊಟ್ಟ ಇಂಗ್ಲಿಷ್ ಪತ್ರಿಕೆಯಲ್ಲಿ ಮೂರನೆಯ ಜಾತಿಯದೂ ಒಂದು ಇತ್ತು. ಎರಡು ಪಕ್ಕಕ್ಕೆ ಎರಡು ಗಿಡ್ಡ ಹಲಗೆ, ನೀರು ಬತ್ತಿದರೆ ಎರಡು ಕಾಲೂರಿ ಕೆಸರಿನಲ್ಲಿ ನಿಲ್ಲುವಂಥದ್ದು. ನನಗೆ ಅದೇ ಮೆಚ್ಚುಗೆಯಾಯಿತು. ಅದು ಬೇತಮಂಗಲದಲ್ಲಿ ಸಿಗುವುದಿಲ್ಲ ಎಂದು ಕೇಳಿ, ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ ವಿಚಾರಿಸಿದಿರಾ ಎಂದೆ. ನಮ್ಮವರು ಬಹಳ ದಿನಗಳ ಮೇಲೆ ನಕ್ಕರು.

ನೋಡಿ ಕೊಳ್ಳಲು ಅನುಭವಸ್ಥರು ಬೇಕಲ್ಲ. ನಮ್ಮ ಕಡೆ ಅನುಭವಸ್ಥನೆಂದರೆ ನನ್ನ ಅಣ್ಣ. ಜೋಡಿ ಎತ್ತು ಕೊಳ್ಳುವವರು ಸುತ್ತಲ ಹಳ್ಳಿಗಳಿಂದ ಅವನನ್ನು ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಅಣ್ಣ ಸೊಂಟದ ನೀರಿಗಿಳಿದು, ದಡಕ್ಕೆ ಕಟ್ಟಿದ್ದ ಎರಡು ದೋಣಿಗಳನ್ನೂ ಸುತ್ತಿ ಬಂದ. ಬೆನ್ನು ತಟ್ಟಿದ. ಮರದ ಮೇಲೆ ಎಲ್ಲಾದರೂ ಎತ್ತಿನ ಮೈಮೇಲಿರುವಂಥ ಕೆಟ್ಟ ಸುಳಿ ಇದೆಯೇ ಎಂದು ಬಗ್ಗಿ ನೋಡಿದ. ಹೊಸ ವಾರ್ನಿಷ್ ಬಳಿದಿದ್ದನ್ನು ಮೂಸಿ, "ಎಣ್ಣೆ ಅಚ್ಚಿ ಮಿರುಗಿಸ್ಯವ್ರೆ, ವಯಸ್ಸು ಮುಚ್ಚಾಕಕ್ಕೆ" ಎಂದು ನನ್ನ ಕಿವಿಯಲ್ಲಿ ಹೇಳಿದ. ಎತ್ತಿನ ಬೆನ್ನು ಅದುಮಿ ನೋಡುವಂತೆ ಒಂದೊಂದು ದೋಣಿಯ ಅಂಚಿಗೂ ಕೈಯೂರಿ ಭಾರ ಬಿಟ್ಟ. ಹಗುರದ್ದು ಬೆದರಿದ ಕರುವಿನ ಹಾಗೆ ಓರೆಯಾಗಿ ಕುಣಿಯಿತು. ಸೀಸದ್ದು ಕದಲಲಿಲ್ಲ.

"ಇದೇ ಕಣ್ ಬಾವ. ಸಾಧು ಪ್ರಾಣಿ. ಅದು ಒದೆಯೋ ಜಾತಿ, ಬ್ಯಾಡ" ಎಂದು ತೀರ್ಪು ಕೊಟ್ಟ.

ನಮ್ಮವರಿಗೂ ಅದೇ ಸರಿ ಎನ್ನಿಸಿತು, ನನಗಂತೂ ಬಹಳ ಸರಿ ಎನ್ನಿಸಿತು. ನಡುಕಕ್ಕೆ ಹೆದರುವ ಮನುಷ್ಯನಿಗೆ ನಡುಗದ ದೋಣಿಗಿಂತ ಬೇರೇನು ಬೇಕು? ಅಣ್ಣ ವ್ಯಾಪಾರ ಮುಗಿಸಲು ಹೆಗಲ ಟವೆಲ್ ತೆಗೆದು ದೊರೆಯ ಕೈ ಮೇಲೆ ಹೊದಿಸಿ, ಅಡಿಯಲ್ಲಿ ಬೆರಳು ಹಿಡಿದ. ದನದ ವ್ಯಾಪಾರದಲ್ಲಿ ಬೆಲೆ ಬಾಯಿಂದ ಹೇಳುವ ಪದ್ಧತಿಯಿಲ್ಲ, ಬೆರಳಿನಿಂದಲೇ ಹೇಳಬೇಕು. ದೊರೆ ಪಾಪ, ಇದು ನಮ್ಮ ಕಡೆಯ ಬೀಳ್ಕೊಡುಗೆ ಎಂದುಕೊಂಡು ಟವೆಲ್ಲಿನಡಿ ಕೈಯನ್ನು ಪೂರಾ ಹಿಡಿದು ಚೆನ್ನಾಗಿ ಕುಲುಕಿದ. ವ್ಯಾಪಾರ ಕುದುರಿತು ಎಂದು ಅಣ್ಣ ಹೆಮ್ಮೆಯಿಂದ ಬಂದ. ಎಷ್ಟಕ್ಕೆ ಎಂದರೆ ಅವನಿಗೂ ಗೊತ್ತಿರಲಿಲ್ಲ.

ಸೀಸದ ದೋಣಿಯ ಹಗ್ಗ ಬಿಚ್ಚಿ ತಳ್ಳಿದರು. ನಮ್ಮವರು, ಅಣ್ಣ, ದೋಣಿಗಳನ್ನು ನೋಡಿಕೊಳ್ಳುತ್ತಿದ್ದ ಚಿನ್ನಪ್ಪ, ಮೂವರೂ ಹೊರಟರು. ನಮ್ಮ ಗಣಿಗಳ ಪಕ್ಕದ ಕೋರಮಂಡಲ್ ಲೈನಿನ ತಮಿಳರವನು ಚಿನ್ನಪ್ಪ. ನಾನು ಪುಳಿಯೋಗರೆಯ ಡಬ್ಬಿ ಇಟ್ಟುಕೊಂಡು ಏರಿಯ ಮೇಲೆ ಕೂತೆ. ದೋಣಿ ಮದುವಣಗಿತ್ತಿಯ ಹಾಗೆ ಗಂಭೀರವಾಗಿ ಹೋಗುತ್ತಿತ್ತು. ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಕೆರೆಯಲ್ಲಿ ನೀರು ಇಳಿಯುವ ಕಾಲ, ನೀರಿನಡಿ ದಿಬ್ಬವೊಂದಿತ್ತು, ಆ ಆಳದ ಸೀಸದ ಹಲಗೆ ಹೋಗಿ ಅದಕ್ಕೆ ಹೊಡೆದಿತ್ತು. ಚಿನ್ನಪ್ಪ ನೀರಿಗಿಳಿದು ತಳ್ಳಿ ಬಿಡಿಸಿಕೊಂಡು ಬಂದ. ದಡಕ್ಕೆ ಇಳಿದಾಗ ನಮ್ಮವರ ಮುಖದಲ್ಲಿ ರಕ್ತವಿರಲಿಲ್ಲ, ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಒಂದು ತುತ್ತು ಬಾಯಿಗಿಡಲಿಲ್ಲ.

"ಅಲುಗಾಡ್ಲೇ ಇಲ್ಲ ಕಣಮ್ಮಣ್ಣಿ, ಬಂಡೆ ಇದ್ದಂಗಿತ್ತು. ಕೆಳಗ್ನಿಂದ ಒಂದೇ ಒಂದು ಏಟು, ದಡ್ ಅಂತ. ಅಷ್ಟಕ್ಕೇ ಬಾವ ಇಂಗಾಗೋದ್ರು" ಎಂದು ಅಣ್ಣ ಕೈ ಚೆಲ್ಲಿದ.

ಅವನಿಗೆ ಅರ್ಥವಾಗಲಿಲ್ಲ, ನನಗೆ ಆಯಿತು. ಬಂಡೆಯಂತೆ ಅಲುಗಾಡದೆ ಇದ್ದದ್ದು ಇದ್ದಕ್ಕಿದ್ದಂತೆ ಕೆಳಗಿನಿಂದ ಹೊಡೆಯುವುದು ಏನೆಂದು ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿಯ ಕಡೆ ತಿರುಗಿ, ದೋಣಿ ಬೇಡ ಬಿಡು ಎಂದರು. ಆ ಮಾತು ಕೇಳಿ ನನಗೆ ಅಳು ಬಂತು. ಅವರಾಗಿ ಬೇಕು ಎಂದು ಕೇಳಿದ್ದು ಅದೊಂದನ್ನೇ.

ಮರುವಾರ ನಾನೇ ಹಟ ಹಿಡಿದು ಹೊರಡಿಸಿದೆ. ಇನ್ನೊಂದನ್ನೂ ನೋಡಿಬಿಡೋಣ, ಒದ್ದರೆ ಒದೆಯಲಿ ಎಂದೆ. ಅಣ್ಣ ಬರಲಿಲ್ಲ, ಅವನಿಗೆ ತನ್ನ ತೀರ್ಪನ್ನು ಮೀರಿದ್ದಕ್ಕೆ ಕೋಪ. ಚಿನ್ನಪ್ಪ ಹಗುರದ ದೋಣಿಯನ್ನು ಇಳಿಸಿ ತಾನು ದಡದಲ್ಲೇ ನಿಂತ.

"ಇದ್ಕೆ ಮೂರಾಳು ಆಗಲ್ಲಮ್ಮಾ. ನೀವು ಸಾರ್ ಜೊತೆ ಕೂರ್ಬೇಕು."

"ನಾನಾ? ನನಗೆ ಈಜು ಬರಲ್ಲಪ್ಪ."

"ಅದ್ರಲ್ಲಿ ಈಯಂ ಇತ್ತು, ಸೀಸ. ಇದ್ರಲ್ಲಿ ಇಲ್ಲಮ್ಮಾ. ಸಾರ್ ಆ ಕಡೆ ಕೂತ್ರೆ ನೀವು ಈ ಕಡೆ ಕೂರ್ಬೇಕು. ಕೂರೋರೇ ಇದ್ಕೆ ಭಾರ."

ಆಗಲೂ ನಾನು ತೆಳ್ಳಗಿರಲಿಲ್ಲ. ಹೋಗಲಿ, ನನ್ನ ಮೈ ಒಂದು ಕೆಲಸಕ್ಕಾದರೂ ಬಂತಲ್ಲ ಎಂದುಕೊಂಡು ಸೆರಗು ಬಿಗಿದು ಹತ್ತಿದೆ. ದೋಣಿ ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಅವರು ಕೆಮ್ಮಿದರೆ ಅತ್ತ, ನಾನು ಉಸಿರೆಳೆದರೆ ಇತ್ತ. ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ನಡುನೀರಿಗೆ ಬರುವಷ್ಟರಲ್ಲಿ ಗಾಳಿ ಬಿದ್ದುಹೋಯಿತು, ಹಾಯಿ ಒಣಹಾಕಿದ ಪಂಚೆಯ ಹಾಗೆ ಜೋತುಬಿತ್ತು. ನಮ್ಮವರು ಚುಕ್ಕಾಣಿಯ ಹಿಡಿಯನ್ನು ನನ್ನ ಕಡೆ ತಳ್ಳಿ, "ಒಂದ್ ಗಳಿಗೆ ಇಡ್ಕೋ" ಎಂದರು. ಅಂಚಿಗೆ ಒರಗಿದರು. ಏನೋ ಹೇಳಲು ನಾನು ತಿರುಗಿ ನೋಡುತ್ತೇನೆ, ನಿದ್ದೆ.

ಬಾಯಿ ತೆರೆದುಕೊಂಡು, ಮಗುವಿನಂಥ ನಿದ್ದೆ. ಎಷ್ಟು ತಿಂಗಳಾಗಿತ್ತೋ ಆ ಮುಖ ಹಾಗಿದ್ದದ್ದನ್ನು ನೋಡಿ. ನಾನು ಅಲುಗಾಡದೆ ಕೂತೆ. ಕಾಲು ಜೋಮು ಹಿಡಿಯಿತು, ಬಿಸಿಲು ಏರಿತು, ಹೆದರಿಕೆಯೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ದೋಣಿ ತಾನಾಗಿ ತೇಲುತ್ತಾ ಜೊಂಡಿನ ಕಡೆ ಸರಿಯಿತು. ತಳಕ್ಕೆ ಏನೋ ತಾಗಿತು, ಆ ತೆಳು ಹಲಗೆ ಹೊಡೆತ ಕೊಡದೆ ಸರ್ರನೆ ತಾನೇ ಮೇಲೆದ್ದುಕೊಂಡಿತು. ಅವರಿಗೆ ಎಚ್ಚರವಾಗಲಿಲ್ಲ. ಚಿನ್ನಪ್ಪ ಸೊಂಟದ ನೀರಿನಲ್ಲಿ ನಡೆದು ಬಂದು ಬಾಯಿ ತೆರೆಯುವುದರೊಳಗೆ ನಾನು ತುಟಿಯ ಮೇಲೆ ಬೆರಳಿಟ್ಟೆ. ಅವನು ದೋಣಿಯ ಅಂಚು ಹಿಡಿದು ನಿಂತ.

ಎಚ್ಚರವಾದಾಗ ಅವರು ಗಾಬರಿ ಬೀಳಲಿಲ್ಲ. ಕಣ್ಣುಜ್ಜಿಕೊಂಡು ನನ್ನ ಕಡೆ ತಿರುಗಿದರು.

"ಬಾಳೊತ್ತು ಮಲಗ್ಬಿಟ್ನಾ?"

"ಇಲ್ಲ, ಈಗ ತಾನೆ."

"ನೀನು ಕೂತಿದ್ಯಲ್ಲ, ನೋಡ್ಕೋತಾ ಇರ್ತೀಯ ಅಂತ... ಅದ್ಕೇ ಬಂತು."

ಆ ಹಗುರದ ದೋಣಿಯನ್ನೇ ಆರಿಸಿಕೊಂಡೆವು. ಕೆಲವು ವರ್ಷ ನಮ್ಮ ಭಾನುವಾರಗಳೆಲ್ಲ ಅದರಲ್ಲೇ ಕಳೆದವು. ಮನೆಯಲ್ಲೂ ನಾನೊಂದು ಕ್ರಮ ಮಾಡಿದೆ. ಇವತ್ತು ನೀವು ಮಲಗಿ, ನೆಲದ ಕಾವಲು ನನ್ನದು, ನಡುಗಿದರೆ ನಾನೇ ಎಬ್ಬಿಸುತ್ತೇನೆ ಎಂದೆ. ಅವರು ನಂಬಿ ಮಲಗಿದರು. ಅವರಿಗೆ ಕಣ್ಣು ಹತ್ತಿದ ಹಿಂದೆಯೇ ನಾನೂ ಗೊರಕೆ ಹೊಡೆದೆ. ಅದಾದ ಮೇಲೂ ನೆಲ ಎಷ್ಟೋ ಸಲ ನಡುಗಿರಬೇಕು. ನಾವಿಬ್ಬರೂ ಒಂದಕ್ಕೂ ಏಳಲಿಲ್ಲ.

ಅವರು ಹೋಗಿ ಎಷ್ಟೋ ವರ್ಷವಾಯಿತು. ಅವರಿಗೆ ನಿದ್ದೆ ಕೊಟ್ಟದ್ದು ಆ ದೋಣಿ ಎಂದೇ ಇಷ್ಟು ದಿನವೂ ಎಲ್ಲರಿಗೂ ಹೇಳಿಕೊಂಡು ಬಂದೆ. ಮನೆಮಂದಿಯನ್ನು ಎಬ್ಬಿಸುವ ಹೊಣೆ ಹೊತ್ತ ಮನುಷ್ಯ ಮಲಗುವುದಾದರೂ ಹೇಗೆ ಎಂದು ನನಗೆ ಸರಿಯಾಗಿ ಹೊಳೆದದ್ದು ಇವತ್ತು, ಇದನ್ನು ಬರೆಯುತ್ತಾ.

ಇಷ್ಟು ಬರೆಯುವಷ್ಟರಲ್ಲಿ ಮಗಳು ಬಂದಳು. ಆಸ್ಪತ್ರೆಯಲ್ಲಿ ನರ್ಸು, ನಿವೃತ್ತಿಗೆ ಹತ್ತಿರವಾದರೂ ರಾತ್ರಿ ಪಾಳಿ ತಪ್ಪಿಲ್ಲ. ಹಗಲು ಮಲಗುತ್ತಾಳೆ, ಅಂದರೆ ಹಾಸಿಗೆಯ ಮೇಲೆ ಕಣ್ಣು ಬಿಟ್ಟುಕೊಂಡಿರುತ್ತಾಳೆ. ನಲ್ಲಿಯಲ್ಲಿ ನೀರು ಬಂತೇ, ಗ್ಯಾಸಿನವನು ಬಂದನೇ, ಆಸ್ಪತ್ರೆಯಿಂದ ಫೋನ್ ಬಂತೇ. ಬೇರೆ ದಿನವಾಗಿದ್ದರೆ ಬಿಸಿ ಹಾಲು ಕೊಟ್ಟು, ಕಣ್ಣು ಮುಚ್ಚೇ ಎಂದು ಗದರಿಸಿ ಬರುತ್ತಿದ್ದೆ. ಇವತ್ತು ಕುರ್ಚಿಯನ್ನು ಅವಳ ಮಂಚದ ಪಕ್ಕಕ್ಕೆ ಎಳೆದುಕೊಂಡು ಕೂತೆ.

"ಫೋನ್ ಇಲ್ಲಿ ಕೊಡು. ನೀರು ಬಂದ್ರೆ ನಾನು ಇಡೀತೀನಿ, ಯಾರ್ ಬಂದ್ರೂ ನಾನೇ ಓಗ್ತೀನಿ. ನೀನು ಮಲಕ್ಕೋ, ನಾನು ಎದ್ದಿರ್ತೀನಿ."

"ನೀನಾ?" ಎಂದು ನಕ್ಕಳು. ನನ್ನ ಗೊರಕೆ ಅವಳಿಗೆ ಗೊತ್ತಿಲ್ಲದ್ದೇ? ಆದರೂ ಫೋನನ್ನು ನನ್ನ ಅಂಗೈಯಲ್ಲಿಟ್ಟು ಮಗ್ಗುಲಾದಳು. ಈಗ ಅವಳ ಉಸಿರು ಒಂದೇ ಸಮನಾಗಿದೆ. ಈ ಸಲ ಮಾತ್ರ ನಾನು ನಿಜವಾಗಿಯೂ ಎದ್ದಿದ್ದೇನೆ.