ಇಲ್ಲ ಎನ್ನದ ಸಪ್ಲಾಯರ್

ಮುಂಬಯಿಯ ಮಾಟುಂಗದ ಉಡುಪಿ ಹೋಟೆಲಿನ ಆ ಸಪ್ಲಾಯರ್ ಬಾಯಲ್ಲಿ 'ಇಲ್ಲ' ಎಂಬ ಮಾತನ್ನು ನಾನು ಕೇಳಿಯೇ ಇಲ್ಲ. ನೀರುದೋಸೆ ಕೇಳಿದರೆ, ಹೆಗಲ ಬಟ್ಟೆಯಿಂದ ಟೇಬಲ್ ಒರೆಸುತ್ತಾ "ಬನ್ಸ್ ಬಿಸಿ ಉಂಟು" ಎನ್ನುತ್ತಿದ್ದರು. ದೋಸೆ ಮುಗಿದಿದೆ ಎಂದು ನಾವೇ ತಿಳಿದುಕೊಳ್ಳಬೇಕು.

ನಮ್ಮ ಸಾಫ್ಟ್‌ವೇರ್ ಕಂಪನಿಯ ಕ್ಲೈಂಟ್ ಮುಂದೆ "ಇನ್ನೂ ಆಗಿಲ್ಲ ಸರ್" ಎಂದು ತೊದಲಿ, ಪ್ರಾಜೆಕ್ಟಿನಿಂದ ತೆಗೆಸುತ್ತೇನೆಂದು ಆತನಿಂದ ಬೈಸಿಕೊಂಡ ದಿನ ಅವರಲ್ಲಿ ಹೇಳಿಕೊಂಡೆ.

"ಇಲ್ಲದ್ದನ್ನು ಯಾಕೆ ಹೇಳುದು ಮಾರಾಯ್ರೆ? ಇದ್ದದ್ದನ್ನು ಹೇಳಿ" ಎಂದರು.

ಮರುದಿನ ಪೇಮೆಂಟ್ ಪೇಜ್ ಎಲ್ಲಿ ಎಂದ ಕ್ಲೈಂಟಿಗೆ, "ಸರ್ಚ್ ಪೇಜ್ ರೆಡಿ ಇದೆ ಸರ್" ಎಂದೆ. ಆತ ಖುಷಿಯಿಂದ ಅದನ್ನೇ ನೋಡಿದ.

ಅದೇ ಧೈರ್ಯದಲ್ಲಿ ನಮ್ಮ ಮ್ಯಾನೇಜರ್ ಹತ್ತಿರ ಪ್ರಮೋಷನ್ ಕೇಳಿದೆ. "ಕಿಟಕಿ ಪಕ್ಕದ ಸೀಟು ಖಾಲಿ ಇದೆ" ಎಂದರು.

ಸಂಜೆ ನೇರ ಹೋಟೆಲಿಗೆ ಹೋಗಿ, "ನಮ್ಮ ಮ್ಯಾನೇಜರೂ ಇಲ್ಲಿಗೆ ಬರ್ತಾರಾ?" ಎಂದು ಸಪ್ಲಾಯರನ್ನು ಕೇಳಿದೆ.

ಅವರು ಟೇಬಲ್ ಒರೆಸಿದರು.

"ಬನ್ಸ್ ಬಿಸಿ ಉಂಟು."