ತಪ್ಪಿಗೆ ನನ್ನ ಹೆಸರು

ಓದುವಾಗ ಕೆಳತುಟಿ ಕಚ್ಚುವ ಅಭ್ಯಾಸದಿಂದ ನಮ್ಮ ಕಂಪ್ಯೂಟರ್ ಮೇಷ್ಟ್ರ ತುಟಿಯ ಮೇಲೆ ಕಪ್ಪು ಗಾಯವೊಂದು ಖಾಯಂ ಆಗಿ ಉಳಿದುಬಿಟ್ಟಿತ್ತು. ನಾನು ಬರೆದದ್ದನ್ನು ಓದುವಾಗಲಂತೂ ಅದರಿಂದ ರಕ್ತ ಜಿನುಗುತ್ತಿತ್ತು.

ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ ಅವರ ತರಬೇತಿ ಕೇಂದ್ರವಿತ್ತು. ಪಾಠ ಹೊಟ್ಟೆಪಾಡಿಗೆ. ಜೀವವೆಲ್ಲ ಅವರ ಲೈಬ್ರರಿಯ ಮೇಲೆ. ಪುಸ್ತಕಗಳ ಲೈಬ್ರರಿಯಲ್ಲ; ಫೋಟೊ ಕೂಡಿಡುವ ಒಂದು ವಿದೇಶಿ ಜಾಲತಾಣದ ಜೊತೆ ಬೇರೆಯವರ ಪ್ರೋಗ್ರಾಂಗಳು ವ್ಯವಹರಿಸಲು ಬೇಕಾದ ಕೋಡ್ ಅದು. ಯಾರು ಬೇಕಾದರೂ ಬಳಸಲಿ ಎಂದು ಪುಕ್ಕಟೆ ಬಿಟ್ಟಿದ್ದರು. ಎಲ್ಲೆಲ್ಲಿಯವರೋ ಬಳಸುತ್ತಿದ್ದರು.

ಇಂಗ್ಲಿಷ್ ಬಿ.ಎ. ಮುಗಿಸಿ ಟೈಪಿಂಗ್ ಕಲಿಯಲು ಹೋಗಿದ್ದ ನನ್ನನ್ನು ಅದರ ಕೈಪಿಡಿ ಬರೆಯಲು ಕೂರಿಸಿದರು. "ನಿಂಗೆ ಎಂತದೂ ಗೊತ್ತಿಲ್ಲ. ನಿಂಗೆ ಅರ್ಥ ಆದ್ರೆ ಯಾರಿಗಾದ್ರೂ ಅರ್ಥ ಆಗುತ್ತೆ" ಎಂದರು. ನಾನು ಬರೆದ ವಾಕ್ಯಗಳನ್ನು ಇಡೀ ಕ್ಲಾಸಿನ ಮುಂದೆ ರಾಗವಾಗಿ ಓದಿ ನಗಿಸುತ್ತಿದ್ದರು. ಅತ್ತರೆ, ಅತ್ತು ಮುಗಿಸಿ ಬಾ, ವಾಕ್ಯ ಇನ್ನೂ ಉದ್ದವಿದೆ ಎನ್ನುತ್ತಿದ್ದರು. ಕೈಪಿಡಿಯಲ್ಲಿ ನನ್ನ ಹೆಸರು ಎಲ್ಲೂ ಇರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಹೊಸ ಆವೃತ್ತಿ ಬಿಡುವ ಗಡಿಬಿಡಿಯಲ್ಲಿ ಅವರೇ ಒಂದು ಉದಾಹರಣೆಯನ್ನು ತಿದ್ದಿದರು. ಫೋಟೊ ತೋರಿಸು ಎಂಬ ಆದೇಶ ಇರಬೇಕಾದ ಕಡೆ ಅಳಿಸು ಎಂಬುದು ಬಂದು ಕೂತಿತು. ಯಾವುದೋ ದೇಶದ ಹೆಂಗಸೊಬ್ಬಳು ಅದನ್ನು ಹಾಗೇ ನಕಲು ಮಾಡಿ ಬಳಸಿದಳು. ತೀರಿಕೊಂಡ ಮಗನ ಫೋಟೊಗಳೆಲ್ಲ ಹೋದವು, ಬೇರೆ ಪ್ರತಿ ಇಲ್ಲ ಎಂದು ಲೈಬ್ರರಿಯ ಚರ್ಚಾ ಗುಂಪಿಗೆ ಬರೆದಳು.

ಮೇಷ್ಟ್ರು ನನ್ನ ಪಕ್ಕದಲ್ಲೇ ಕೂತು ಉತ್ತರ ಟೈಪ್ ಮಾಡಿದರು. ಕೈಪಿಡಿ ಬರೆದದ್ದು ತಿಳಿವಳಿಕೆಯಿಲ್ಲದ ಒಬ್ಬ ಹುಡುಗಿ, ಅವಳನ್ನು ತೆಗೆದುಹಾಕಿದ್ದೇನೆ ಎಂದು. ಆ ಹುಡುಗಿ ಯಾರೆಂದು ಕೆಳಗೆ ನನ್ನ ಪೂರ್ತಿ ಹೆಸರನ್ನೂ ಹಾಕಿದರು.

"ಸರ್, ಆ ಸಾಲು ನೀವು ತಿದ್ದಿದ್ದಲ್ವಾ?"

"ಹೌದು. ನನ್ನ ಹೆಸರು ಕೆಟ್ರೆ ಲೈಬ್ರರಿ ಯಾರೂ ಮುಟ್ಟಲ್ಲ. ನಿನ್ನ ಹೆಸರು ಯಾರಿಗೆ ಗೊತ್ತು ಮಾರಾಯ್ತಿ?"

ಆ ಹೆಂಗಸು ವಿಳಾಸ ಹುಡುಕಿ ನನಗೇ ನೇರ ಬರೆದಳು. ಅವಳ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ನಾನು ಮತ್ತೆ ಆ ಮಹಡಿ ಹತ್ತಲಿಲ್ಲ.

ಕೆಲವು ವರ್ಷಗಳ ಮೇಲೆ, ಯಂತ್ರಗಳ ಕೈಪಿಡಿ ಬರೆಯುವ ಕೆಲಸದಲ್ಲಿದ್ದು ಕೋಡ್ ಕೂಡ ಅಷ್ಟಿಷ್ಟು ಕಲಿತಿದ್ದಾಗ, ಅವರ ಹೆಂಡತಿ ಬಾಳೆಹೊನ್ನೂರಿನ ಮನೆಯಿಂದ ಫೋನ್ ಮಾಡಿದರು. ಮೇಷ್ಟ್ರಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ಆ ಫೋಟೊ ಜಾಲತಾಣ ನಿಯಮ ಬದಲಿಸಿದ್ದರಿಂದ ಲೈಬ್ರರಿಯೂ ನಿಂತಿತ್ತು. "ಒಂಚೂರು ಬಂದು ನೋಡು ಮಾರಾಯ್ತಿ. ಅದೊಂದು ಬಿಟ್ಟು ಅವ್ರಿಗೆ ಬೇರೆ ಎಂತದೂ ಬೇಡ" ಎಂದರು.

ಹೋದೆ. ಲೈಬ್ರರಿ ನಿಂತಿದ್ದಕ್ಕೆ ಬಳಸುವವರಿಂದ ಬಂದು ಬಿದ್ದಿದ್ದ ಬೈಗುಳದ ಮೇಲ್‌ಗಳನ್ನು ಒಂದಕ್ಷರ ಬಿಡದೆ ಅವರಿಗೆ ಓದಿ ಹೇಳಿದೆ. ನಿಲ್ಲಿಸು ಎಂದು ಅವರ ಹೆಂಡತಿ ಕಣ್ಸನ್ನೆ ಮಾಡಿದರೂ ನಿಲ್ಲಿಸಲಿಲ್ಲ. ಆಮೇಲೆ ಕೋಡ್ ತಿದ್ದಿ, ಹೊಸ ಕೈಪಿಡಿಯ ಪುಟವನ್ನು ಅವರ ಮುಂದೆ ಹಿಡಿದೆ. ಅವರು ಎಡಗೈ ಚಾಚಿ ಕೀಲಿಮಣೆಯ ಮೇಲೆ ಒಂದೊಂದೇ ಅಕ್ಷರ ಒತ್ತತೊಡಗಿದರು. ಕ್ಷಮೆ ಕೇಳುತ್ತಾರೆ ಎಂದುಕೊಂಡೆ.

ಮೂರನೇ ಸಾಲು ಉದ್ದವಾಯಿತು ಎಂದಿತ್ತು.

ನೋಡಿದೆ. ಉದ್ದವಾಗಿತ್ತು. ಕತ್ತರಿಸಿದೆ.

ಮುಂದಿನ ಮಳೆಗಾಲ ಹಿಡಿಯುವ ಮೊದಲೇ ಅವರು ತೀರಿಕೊಂಡರು. ಲೈಬ್ರರಿಯ ಗುಂಪಿಗೆ ತಿಳಿಸಿದೆ. ಮೊದಲು ಬಂದ ಉತ್ತರ, ಹಾಗಾದರೆ ಮುಂದಿನ ಆವೃತ್ತಿ ಯಾವಾಗ ಎಂದು.

ಮಣ್ಣು ಮಾಡಿ ಬಂದ ದಿನ ಅದು. ಏನೇನೋ ಬರೆದೆ, ಎಲ್ಲವನ್ನೂ ಅಳಿಸಿದೆ. ಕೊನೆಗೆ "ಬರುವ ವಾರ" ಎಂದಷ್ಟೇ ಬರೆದು ಕಳಿಸಿದೆ. ಅಷ್ಟು ಚಿಕ್ಕದಾಗಿ ಬರೆಯುವುದನ್ನು ನನಗೆ ಬೇರೆ ಯಾರೂ ಕಲಿಸಿರಲಿಲ್ಲ.